ಪಿನಾಂಗಿನ ಒಂದು ಬೀದಿ

ಮಲಯ ಪರ್ಯಾಯದ್ವೀಪದ ಪಶ್ಚಿಮ ತೀರಕ್ಕೆ ಸಮೀಪದಲ್ಲಿ ಪಿನಾಂಗ್ ಎಂಬ ದ್ವೀಪವಿದೆ. ಅದರ ಈಶಾನ್ಯದ ಮೂಲೆಯಲ್ಲಿ, ಕಡಲಿನೊಳಕ್ಕೆ ಚಾಚಿಕೊಂಡ ಭೂಶಿರದ ಮೇಲೆ, ಜಾರ್ಜ್‌ಟೌನ್ ಪಟ್ಟಣವಿದೆ. ಆ ಪಟ್ಟಣದಲ್ಲಿ, ಹಿಂದೆ ಪಿಟ್ ಬೀದಿಯೆಂದು ಕರೆಯಿಸಿಕೊಳ್ಳುತ್ತಿದ್ದು ಈಗ ಜಲಾನ್ ಮಸ್ಜಿದ್ ಕಪಿತಾನ್ ಕೆಲಿಂಗ್ ಎಂದು ಹೆಸರಾಗಿರುವ ಒಂದು ರಸ್ತೆಯಿದೆ. ಉತ್ತರದ ಕೊನೆಯಿಂದ ಹೊರಟು ನಿಧಾನವಾಗಿ ದಕ್ಷಿಣಾಭಿಮುಖವಾಗಿ ನಡೆಯುವವನು ಅರೆಗಳಿಗೆಯಲ್ಲಿ ಒಂದು ಆಂಗ್ಲಿಕನ್ ಇಗರ್ಜಿಯನ್ನೂ, ಚೀನೀಯರ ಕರುಣಾದೇವಿಯ ಗುಡಿಯನ್ನೂ, ತಮಿಳರ ಮಾರಿಯಮ್ಮನ ದೇವಾಲಯವನ್ನೂ, ದಕ್ಷಿಣ ಭಾರತದ ಮುಸಲ್ಮಾನರು ಕಟ್ಟಿಸಿದ ದೊಡ್ಡ ಮಸೀದಿಯನ್ನೂ ಹಾದುಹೋಗಿರುತ್ತಾನೆ. ಪ್ರವಾಸ ವ್ಯವಸ್ಥಾಪಕರು ಇದಕ್ಕೆ ಸೌಹಾರ್ದದ ಬೀದಿಯೆಂಬ ಬಿರುದನ್ನು ಕೊಟ್ಟಿದ್ದಾರೆ. ಬಿರುದು ಸುಳ್ಳೆಂದು ಹೇಳಲಾರೆ. ಆದರೆ ನಾನಾ ದೇಶಗಳ ಜನರು ಅನ್ಯೋನ್ಯ ಪ್ರೀತಿಯಿಂದ ಪ್ರೇರಿತರಾಗಿ ಒಬ್ಬರ ಮಗ್ಗುಲಲ್ಲೊಬ್ಬರು ತಮ್ಮ ತಮ್ಮ ದೇವರನ್ನು ಪ್ರತಿಷ್ಠಿಸಿಕೊಂಡರೆಂದು ಅದನ್ನು ಕೇಳಿದವನು ಭಾವಿಸುವುದಾದರೆ, ಆ ಭಾವನೆಗೂ ಚರಿತ್ರೆಗೂ ಬಹುದೂರ. ಈ ಕಟ್ಟಡಗಳನ್ನು ಅಕ್ಕಪಕ್ಕಕ್ಕೆ ತಂದುದು ನೆಲದ ಹಂಚಿಕೆ. ಅವುಗಳನ್ನು ಕಟ್ಟಿಸಿದುದು, ಪರದೇಶಕ್ಕೆ ಬಂದಿಳಿದವನಿಗೆ ಮೊದಲ ರಾತ್ರಿಯ ಹಾಸಿಗೆಯಿಂದ ಕಡೆಯ ದಿನದ ಮಣ್ಣಿನವರೆಗೆ ತನ್ನವರೇ ಆಸರೆಯಾಗಬೇಕಾಗಿದ್ದ ಅಗತ್ಯ. ಅವು ಪ್ರೇಕ್ಷಣೀಯ ಸ್ಥಳಗಳಾದುದು ತೀರ ಈಚೆಗೆ.

1786ರ ಆಗಸ್ಟಿನಲ್ಲಿ ಫ್ರಾನ್ಸಿಸ್ ಲೈಟ್ ಎಂಬ ವರ್ತಕ ನಾವಿಕನು ಈಸ್ಟ್ ಇಂಡಿಯಾ ಕಂಪೆನಿಯ ಪರವಾಗಿ ಇಲ್ಲಿ ಬಾವುಟವೇರಿಸಿದಾಗ ಈ ಭೂಶಿರದ ಬಹುಭಾಗ ಕಾಡಾಗಿತ್ತು. ದ್ವೀಪವು ಕೆಡಾ ರಾಜ್ಯದ ಸುಲ್ತಾನನಿಗೆ ಸೇರಿದ್ದು. ಸಯಾಮಿನ ಭಯದಲ್ಲಿದ್ದ ಅವನು, ಆಪತ್ಕಾಲದಲ್ಲಿ ಸೈನ್ಯದ ನೆರವು ದೊರೆಯುವುದೆಂಬ ಭರವಸೆಯ ಮೇಲೆ ಅದನ್ನು ಬಿಟ್ಟುಕೊಟ್ಟನು. ಕಂಪೆನಿ ನೆಲವನ್ನು ಇಟ್ಟುಕೊಂಡಿತು, ನೆರವನ್ನು ಕೊಡಲಿಲ್ಲ. ದ್ವೀಪವನ್ನು ಮರಳಿ ಪಡೆಯಲು ಸುಲ್ತಾನನು 1791ರಲ್ಲಿ ಮಾಡಿದ ಪ್ರಯತ್ನ ಸೋಲಿನಲ್ಲಿ ಮುಗಿಯಿತು. ಲೈಟನಿಗೆ ಬೇಕಾಗಿದ್ದುದು ಜನ. ಸರಕಿಗೆ ಸುಂಕವಿಲ್ಲವೆಂದು ಸಾರಿ, ಕಾಡು ಕಡಿದವನಿಗೆ ಕಡಿದಷ್ಟು ನೆಲವೆಂದು ಆಸೆ ತೋರಿಸಿ ಅವನು ಜನರನ್ನು ಕರೆದನು. ಆಳುಗಳ ಹುರುಪನ್ನು ಹೆಚ್ಚಿಸುವುದಕ್ಕಾಗಿ ಫಿರಂಗಿಯಲ್ಲಿ ಬೆಳ್ಳಿಯ ನಾಣ್ಯಗಳನ್ನು ತುಂಬಿ ಪೊದೆಗಳೊಳಕ್ಕೆ ಹಾರಿಸಿದನೆಂಬ ಕತೆಯೂ ಉಂಟು, ನಂಬುವುದು ಬಿಡುವುದು ಓದುಗರ ಇಷ್ಟ. ಜನರಂತೂ ಬಂದರು: ಚೋಳಮಂಡಲ ತೀರದಿಂದ ಚುಲಿಯಾ ಎನಿಸಿಕೊಂಡ ತಮಿಳು ಮುಸಲ್ಮಾನ ವರ್ತಕರು, ದಕ್ಷಿಣ ಚೀನದಿಂದ ಹೊಕ್ಕಿಯೆನ್ ಮತ್ತು ಕ್ಯಾಂಟನೀಸ್ ನುಡಿಯವರು, ಸುಮಾತ್ರದ ಅಚೇ ಪ್ರಾಂತದಿಂದ ಅರಬ್ ವಂಶದ ಸಾಹುಕಾರರು, ಬರ್ಮೀಯರು, ಸಯಾಮಿಗಳು, ಆರ್ಮೇನಿಯನ್ನರು. ತಾವಾಗಿ ಬಾರದೆ ಬಂದವರೂ ಇದ್ದರು. ಶಿವಗಂಗೆಯ ಪಾಳೆಯಗಾರರ ಬಂಡಾಯದಲ್ಲಿ ಸೆರೆಸಿಕ್ಕವರನ್ನು 1802ರಲ್ಲಿ ಈ ದ್ವೀಪಕ್ಕೇ ಗಡೀಪಾರು ಮಾಡಿದರು. ಭಾರತದ ಸೆರೆಮನೆಗಳಿಂದ ಸಮುದ್ರ ದಾಟಿಸಿ ಕಳುಹಿಸಿದ ಕೈದಿಗಳು ಇಲ್ಲಿನ ರಸ್ತೆಗಳನ್ನೂ ಕಚೇರಿಗಳನ್ನೂ ದಶಕಗಟ್ಟಲೆ ಕಟ್ಟಿದರು. ಜಾರ್ಜ್‌ಟೌನಿನ ಹಳೆಯ ಸುಣ್ಣಗಾರೆಯಲ್ಲಿ ಭಾರತೀಯರ ಬೆವರು ಎಷ್ಟು ಬೆರೆತಿದೆಯೆಂಬುದನ್ನು ಯಾವ ಫಲಕವೂ ಸರಿಯಾಗಿ ಹೇಳುವುದಿಲ್ಲ.

ಸಮುದ್ರದ ಅಂಚಿನಲ್ಲಿರುವ ಕೋಟೆಗೆ ಕಾರ್ನ್‌ವಾಲಿಸನ ಹೆಸರು. ಚಿತ್ರದುರ್ಗವನ್ನು ಕಂಡ ಕಣ್ಣಿಗೆ ಇದನ್ನು ಕೋಟೆಯೆಂದು ಒಪ್ಪಿಕೊಳ್ಳುವುದೇ ಕಷ್ಟವಾದೀತು: ಮೊದಲು ಮರದ ಕಾಂಡಗಳ ಬೇಲಿಯಾಗಿದ್ದು, 19ನೆಯ ಶತಮಾನದ ಆದಿಯಲ್ಲಿ ಕೈದಿಗಳ ದುಡಿಮೆಯಿಂದ ಇಟ್ಟಿಗೆ ಕಲ್ಲುಗಳ ರೂಪವನ್ನು ಪಡೆದು, ಒಂದು ಯುದ್ಧವನ್ನೂ ಕಾಣದೆ ಮುಪ್ಪಾದ ಗಿಡ್ಡಗೋಡೆಗಳ ಆವರಣ ಅದು. ಅಲ್ಲಿಟ್ಟಿರುವ ಸೆರಿ ರಂಬೈ ಎಂಬ ಡಚ್ಚರ ಫಿರಂಗಿ 1603ರಲ್ಲಿ ಎರಕಹೊಯ್ದದ್ದು. ಸಂತಾನಾಪೇಕ್ಷೆಯುಳ್ಳ ಸ್ತ್ರೀಯರು ಅದರ ಬಾಯಿಗೆ ಹೂವಿಟ್ಟು ಹರಕೆ ಹೊತ್ತುಕೊಳ್ಳುತ್ತಿದ್ದರೆಂದು ಪ್ರತೀತಿ. ಆದರೆ ಕನ್ನಡನಾಡಿನಿಂದ ಹೋದವನು ಅಲ್ಲಿ ಒಂದು ಕ್ಷಣ ನಿಲ್ಲಬೇಕಾದ ಕಾರಣ ಬೇರೆ. 1791ರಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದು, ಮರುವರ್ಷ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು, ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಂಡೊಯ್ದವನು ಇದೇ ಕಾರ್ನ್‌ವಾಲಿಸ್. ಕೋಟೆಯ ಎದುರಿಗೆ, ಜಲಸಂಧಿಯ ಆಚೆಯಲ್ಲಿ ಕಾಣುವ ದಡವನ್ನು 1800ರಲ್ಲಿ ಕಂಪೆನಿ ಪಡೆದುಕೊಂಡಾಗ ಅದಕ್ಕೆ ವೆಲ್ಲೆಸ್ಲಿ ಪ್ರಾಂತವೆಂದು ಹೆಸರಿಟ್ಟರು. ಆ ವೆಲ್ಲೆಸ್ಲಿ, ಟಿಪ್ಪು ಮಡಿದ ವರ್ಷದಲ್ಲಿ ಗವರ್ನರ್ ಜನರಲ್ ಆಗಿದ್ದವನು. ಅವನ ತಮ್ಮ ಆರ್ಥರ್, ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಎನಿಸಿದವನು, 1797ರಲ್ಲಿ ಮನಿಲಾದ ಮೇಲೆ ಹೋಗಬೇಕಾಗಿದ್ದ ದಂಡಿನೊಂದಿಗೆ ಪಿನಾಂಗಿಗೆ ಬಂದು, ದಂಡಯಾತ್ರೆ ನಿಂತುಹೋದುದರಿಂದ ಹಿಂದಿರುಗಿ, ಎರಡು ವರ್ಷಗಳ ತರುವಾಯ ಶ್ರೀರಂಗಪಟ್ಟಣದ ಅಧಿಕಾರಿಯಾಗಿ ಕುಳಿತನು. ಮೈಸೂರಿನ ಯುದ್ಧಗಳೂ ಮಲಯದ ವ್ಯಾಪಾರವೂ ಒಂದೇ ಕಚೇರಿಯ ಎರಡು ಕಡತಗಳಾಗಿದ್ದುವೆಂಬುದು ಇಲ್ಲಿ ನಿಂತಾಗ ಸ್ಪಷ್ಟವಾಗುತ್ತದೆ.

ಇನ್ನು ಬೀದಿಗೆ ಬರೋಣ. ಅದರ ತಲೆಯಲ್ಲಿರುವ ಸಂತ ಜಾರ್ಜರ ಇಗರ್ಜಿ 1818ರಲ್ಲಿ ಮುಗಿದದ್ದು. ಗ್ರೀಕ್ ರೀತಿಯ ದಪ್ಪ ಕಂಬಗಳ ಮುಖಮಂಟಪದ ಮೇಲೆ ಗೋಪುರವನ್ನೇರಿಸಿಕೊಂಡು, ಮದರಾಸಿನ ಇಗರ್ಜಿಗಳನ್ನು ಕಂಡವರಿಗೆ ಪರಿಚಿತವೆನಿಸುವ ಬಿಳಿಯ ಗಾಂಭೀರ್ಯದಲ್ಲಿ ನಿಂತಿದೆ. ಇದನ್ನು ಕಟ್ಟಿದ ಕೈಗಳೂ ಕೈದಿಗಳವೇ. ಅಲ್ಲಿಂದ ಮುಂದೆ ಊದುಬತ್ತಿಯ ಹೊಗೆಯೇ ದಾರಿ ತೋರಿಸುತ್ತದೆ. ಕರುಣಾದೇವಿಯ ಗುಡಿಯನ್ನು 1800ರಲ್ಲಿ ಹೊಕ್ಕಿಯೆನ್ನರೂ ಕ್ಯಾಂಟನೀಸರೂ ಕೂಡಿ ಸ್ಥಾಪಿಸಿದರು. ನುಡಿ ಬೇರೆ, ಊಟ ಬೇರೆ, ಹಲವು ವೇಳೆ ಹಗೆಯೂ ಇದ್ದ ಎರಡು ಗುಂಪುಗಳು ಒಂದೇ ಸೂರಿನಡಿ ಸೇರಿದುದು ಭಕ್ತಿಯ ಕಾರಣದಿಂದ ಮಾತ್ರವಲ್ಲ. ಚೀನೀಯರೊಳಗಿನ ವ್ಯಾಜ್ಯಗಳನ್ನು ಹಿರಿಯರು ಕೂಡಿ ತೀರಿಸುವುದಕ್ಕೆ ದೇವರ ಎದುರಿನಲ್ಲಿ ಒಂದು ಸ್ಥಳ ಬೇಕಾಗಿತ್ತು, ಮತ್ತು 1881ರಲ್ಲಿ ಚೀನೀ ಸಭಾಭವನವು ಹುಟ್ಟಿಕೊಳ್ಳುವವರೆಗೂ ಈ ಗುಡಿಯೇ ಅವರ ನ್ಯಾಯದ ಚಾವಡಿಯಾಗಿತ್ತು. ಒಳಗೆ ಹೋದವನು ದೇವಿಯ ಮೂರ್ತಿಯ ಮುಂದೆ ಎಷ್ಟು ಹೊತ್ತು ನಿಲ್ಲುವನೋ ಅಷ್ಟೇ ಹೊತ್ತನ್ನು ಅಂಗಳದಲ್ಲಿಯೂ ಕಳೆಯುವುದು ಲೇಸು.

ಮಾರಿಯಮ್ಮನ ದೇವಾಲಯದ ವಿಷಯದಲ್ಲಿ ಒಂದು ಸೂಚನೆ ಅವಶ್ಯ. ದೊಡ್ಡ ರಸ್ತೆಯಲ್ಲಿ ನಡೆಯುವವನಿಗೆ ಕಾಣುವುದು ಅದರ ಹಿಂಬದಿ. ದೇವಿ ಪೂರ್ವಾಭಿಮುಖಳಾದುದರಿಂದ ರಾಜಗೋಪುರವೂ ಮಹಾದ್ವಾರವೂ ಪಕ್ಕದ ಕ್ವೀನ್ ಬೀದಿಯಲ್ಲಿವೆ. ಕಂಪೆನಿಯ ಯೋಜಕರು ಅಳತೆಪಟ್ಟಿ ಹಿಡಿದು ಬೀದಿಗಳನ್ನು ತಮಗೆ ತೋರಿದಂತೆ ಎಳೆದರು. ಗುಡಿ ಕಟ್ಟಿದವರು ಅದರೊಳಗೇ ದಿಕ್ಕನ್ನು ತಮಗೆ ಬೇಕಾದಂತೆ ಆರಿಸಿಕೊಂಡರು. ಈಗಿನ ದೇವಾಲಯ 1833ರದು. ನಿವೇಶನವು ಅದಕ್ಕೆ ಮೂರು ದಶಕಗಳ ಹಿಂದೆಯೇ ತಮಿಳರ ಮುಖಂಡನೊಬ್ಬನಿಗೆ ಕಂಪೆನಿಯಿಂದ ದೊರೆತಿತ್ತು. ಈ ಮುಖಂಡರನ್ನು ಕಪಿತಾನರೆಂದು ಕರೆಯುತ್ತಿದ್ದರು. ಪ್ರತಿಯೊಂದು ಜನಾಂಗಕ್ಕೂ ಅದರೊಳಗಿನಿಂದಲೇ ಒಬ್ಬ ಕಪಿತಾನನನ್ನು ಒಪ್ಪಿಕೊಂಡು, ಸಣ್ಣಪುಟ್ಟ ಜಗಳ, ಮದುವೆ, ದಾಯಭಾಗಗಳನ್ನೆಲ್ಲ ಅವನ ತಲೆಗೆ ಕಟ್ಟಿ, ತಾನು ವ್ಯಾಪಾರವನ್ನು ನೋಡಿಕೊಳ್ಳುವುದು ಕಂಪೆನಿಯ ಪದ್ಧತಿ: ಅಗ್ಗದ ಆಡಳಿತ. ಬೀದಿಯ ಈಗಿನ ಹೆಸರಿನಲ್ಲಿರುವ ಕಪಿತಾನ್ ಕೆಲಿಂಗ್ ಎಂದರೆ ದಕ್ಷಿಣ ಭಾರತೀಯ ಮುಸಲ್ಮಾನರ ಮುಖಂಡನಾಗಿದ್ದ ಕಾದಿರ್ ಮೊಹಿದೀನ್. 1801ರಲ್ಲಿ ಅವನು ಮೊದಲುಮಾಡಿದ ಮಸೀದಿಗೆ ಕಂಪೆನಿ ಕೊಟ್ಟ ನೆಲ ಹದಿನೆಂಟು ಎಕರೆ. ಮಸೀದಿಗೆ ಅಷ್ಟು ನೆಲ ಏತಕ್ಕೆ ಎಂದು ಕೇಳಿದರೆ ಇಡೀ ಪಟ್ಟಣದ ಗುಟ್ಟೇ ತಿಳಿಯುತ್ತದೆ: ಅದರ ಸುತ್ತ ಮನೆಗಳು ಎದ್ದುವು, ಬಾಡಿಗೆ ಬಂತು, ಆ ಬಾಡಿಗೆಯಿಂದ ಪ್ರಾರ್ಥನೆ, ಪಾಠ, ಗೋರಿ ಎಲ್ಲವೂ ನಡೆದುವು. ಇಂದು ಕಾಣುವ ಗುಮ್ಮಟಗಳೂ ಮೊಗಲರ ಮಾದರಿಯ ಕಮಾನುಗಳೂ 20ನೆಯ ಶತಮಾನದ ಮೊದಲ ದಶಕಗಳ ವಿಸ್ತರಣದಲ್ಲಿ ಬಂದವು. ನಮಾಜಿನ ವೇಳೆಯನ್ನು ಬಿಟ್ಟು ಹೋದರೆ ಅನ್ಯಮತೀಯರಿಗೂ ಒಳಗೆ ಪ್ರವೇಶವುಂಟು; ತಕ್ಕ ಉಡುಪಿಲ್ಲದವರಿಗೆ ಬಾಗಿಲಲ್ಲಿಯೇ ನಿಲುವಂಗಿ ಕೊಡುತ್ತಾರೆ.

ದತ್ತಿಯ ಆಸ್ತಿ ಎಲ್ಲಿದೆಯೋ ಅಲ್ಲಿ ಲೆಕ್ಕದ ತಕರಾರೂ ಇರುವುದು ಸಹಜ. ತಕರಾರು ಬೆಳೆದು ಸರಕಾರಕ್ಕೆ ಬೇಸರ ಬಂದಾಗ, 1905ರ ಶಾಸನದ ಮೂಲಕ ಮುಸಲ್ಮಾನರ ಮತ್ತು ಹಿಂದುಗಳ ದತ್ತಿಗಳೆರಡಕ್ಕೂ ಒಂದೇ ಮಂಡಲಿಯನ್ನು ರಚಿಸಿದರು. ಮಸೀದಿಯ ಬಾಡಿಗೆಯೂ ದೇವಾಲಯದ ಬಾಡಿಗೆಯೂ ಅನೇಕ ವರ್ಷಗಳ ಕಾಲ ಒಂದೇ ಮೇಜಿನ ಮೇಲೆ ಲೆಕ್ಕಕ್ಕೆ ಬಂದುವು. ಸೌಹಾರ್ದಕ್ಕೆ ಸಾಕ್ಷಿ ಹುಡುಕುವವರು ಇದನ್ನು ಗಮನಿಸಬಹುದು, ಕಾವ್ಯಮಯವಾಗಿಲ್ಲವೆಂಬುದೊಂದೇ ಕೊರತೆ.

ಮಸೀದಿಯನ್ನು ದಾಟಿ ಕ್ಯಾನನ್ ಬೀದಿಗೆ ತಿರುಗಿದರೆ, ಎರಡು ಮನೆಗಳ ನಡುವಣ ಇಕ್ಕಟ್ಟಾದ ಓಣಿಯೊಂದು ಇದ್ದಕ್ಕಿದ್ದಂತೆ ಕಲ್ಲುಹಾಸಿನ ವಿಶಾಲವಾದ ಚೌಕಕ್ಕೆ ಬಾಯಿ ತೆರೆಯುತ್ತದೆ. ಇದು ಖೂ ಕೊಂಗ್ಸಿ, ಎಂದರೆ ಫುಜಿಯಾನಿನ ಒಂದೇ ಹಳ್ಳಿಯಿಂದ ಬಂದ ಖೂ ಮನೆತನದವರ ಕುಲಸಂಘದ ನೆಲೆ. ಪಟ್ಟಣದಲ್ಲಿ ಅರ್ಧದಿನ ಮಾತ್ರ ಇರುವವನು ಒಂದೇ ಕಟ್ಟಡವನ್ನು ನೋಡಬೇಕೆಂದಿದ್ದರೆ ನಾನು ಇದನ್ನೇ ಹೇಳುವೆನು. 1901ರಲ್ಲಿ ಮುಗಿದ ಭವನ ಅದೇ ವರ್ಷ ಬೆಂಕಿಗೆ ಆಹುತಿಯಾಯಿತು. ಚಕ್ರವರ್ತಿಯ ಅರಮನೆಗೆ ಸರಿಗಟ್ಟುವಂತೆ ಕಟ್ಟಿದುದೇ ದೇವತೆಗಳ ಕೋಪಕ್ಕೆ ಕಾರಣವೆಂದು ಜನ ಆಡಿಕೊಂಡರು, ಮತ್ತು 1906ರಲ್ಲಿ ಮುಗಿದ ಈಗಿನ ಭವನವನ್ನು ಅದಕ್ಕಿಂತ ಸಣ್ಣದಾಗಿ ಕಟ್ಟಿದರು. ಸಣ್ಣದೆಂಬ ಇದರ ಮಾಡಿನ ಮೇಲೆ ಡ್ರ್ಯಾಗನ್ನುಗಳೂ ಹಕ್ಕಿಗಳೂ ಹೂಬಳ್ಳಿಗಳೂ ಒಡೆದ ಪಿಂಗಾಣಿಯ ಚೂರುಗಳಲ್ಲಿ ರೂಪುಗೊಂಡು ತುಂಬಿರುವುದನ್ನು ಕಂಡರೆ, ಸುಟ್ಟುಹೋದುದು ಹೇಗಿದ್ದಿತೋ ಎಂದು ಬೆರಗಾಗುತ್ತದೆ. ಎದುರಿಗೆ ನಾಟಕದ ವೇದಿಕೆ. ಅದರ ಮುಖ ದೇವರ ಕಡೆಗೆ, ಏಕೆಂದರೆ ಆಟದ ಮೊದಲ ಪ್ರೇಕ್ಷಕರು ದೇವತೆಗಳು, ಉಳಿದವರು ಅವರ ಜೊತೆಗೆ ನೋಡುವವರು. ಒಳಗೆ ಪೂರ್ವಜರ ಹೆಸರಿನ ಫಲಕಗಳ ಪಕ್ಕದಲ್ಲಿಯೇ ವಿಶ್ವವಿದ್ಯಾನಿಲಯಗಳಲ್ಲಿ ಪದವಿ ಪಡೆದ ಕುಲದ ಮಕ್ಕಳ ಹೆಸರುಗಳನ್ನು ಬರೆಸಿದ್ದಾರೆ. ಸುತ್ತಲೂ ಸಾಲುಮನೆಗಳು: ಕುಲದ ಆಸ್ತಿ, ಕುಲದ ಬಾಡಿಗೆ. ಆ ಸಾಲುಮನೆಗಳಿಗೆ ಇನ್ನೊಂದು ಪ್ರಯೋಜನವೂ ಇತ್ತು. ಹೊರಗಿನವರಿಗೆ ಅವು ಗೋಡೆ. ಓಣಿಗಳನ್ನು ಮುಚ್ಚಿದರೆ ಇಡೀ ಚೌಕ ಕೋಟೆಯಾಗುತ್ತಿತ್ತು.

ಕೋಟೆಯ ಅಗತ್ಯ ಕಲ್ಪಿತವಾದುದಲ್ಲ. 1867ರ ಆಗಸ್ಟಿನಲ್ಲಿ ಈ ಬೀದಿಗಳಲ್ಲಿ ಒಂಬತ್ತು ಹತ್ತು ದಿನಗಳ ಕಾಲ ಕಾಳಗ ನಡೆಯಿತು. ಪಕ್ಕದ ಬೀದಿಗೆ ಕ್ಯಾನನ್ ಎಂಬ ಹೆಸರು ಬಂದದ್ದು ಆಗ ಹಾರಿದ ಗುಂಡಿನಿಂದಲೆಂದು ಹೇಳುವುದುಂಟು. ನಮ್ಮ ದೇಶದ ಗಲಭೆಗಳ ವಾರ್ತೆಯನ್ನು ಓದಿ ಅಭ್ಯಾಸವಾದವನು, ಚೀನೀಯರೊಂದು ಕಡೆ ಮುಸಲ್ಮಾನರೊಂದು ಕಡೆ ಎಂದು ಊಹಿಸಿಕೊಂಡಾನು. ಹಾಗಿರಲಿಲ್ಲ. ಒಂದು ಪಕ್ಷದಲ್ಲಿ ಘೀ ಹಿನ್ ಎಂಬ ಚೀನೀ ಗುಪ್ತಸಂಘವೂ ಬಿಳಿಯ ಬಾವುಟದವರೆಂಬ ಮಲಯ ಮತ್ತು ಭಾರತೀಯ ಮುಸಲ್ಮಾನರ ಸಂಘವೂ. ಇನ್ನೊಂದು ಪಕ್ಷದಲ್ಲಿ ಖೂ ಮನೆತನದವರು ಮುಂದಾಳಾಗಿದ್ದ ತುವಾ ಪೆಕ್ ಕೊಂಗ್ ಸಂಘವೂ ಕೆಂಪು ಬಾವುಟದ ಮುಸಲ್ಮಾನರೂ. ಜನಾಂಗಗಳು ಕೂಡಿ ಬಾಳಿದಂತೆಯೇ ಕೂಡಿ ಕಾದಾಡಿದುವು. ಪಕ್ಷಗಳನ್ನು ಗೊತ್ತುಮಾಡಿದುದು ಲಾಭ ಮತ್ತು ನೆರೆಹೊರೆ, ದೇವರಲ್ಲ. ಸೌಹಾರ್ದದ ಬೀದಿಯ ಚರಿತ್ರೆಯಲ್ಲಿ ನನಗೆ ಅತ್ಯಂತ ಬೋಧಪ್ರದವೆಂದು ತೋರುವ ಈ ಅಧ್ಯಾಯವನ್ನು ಪ್ರವಾಸಿಗರಿಗೆ ಹೇಳುವವರು ಕಡಮೆ.

ಅಲ್ಲಿಂದ ಅಚೇನ್ ಬೀದಿಯ ಮಸೀದಿ ಕೂಗಳತೆಯ ದೂರ. ಅಚೇಯಿಂದ ಬಂದ ಸೈಯದ್ ಹುಸೇನ್ ಎಂಬ ಅರಬ್ ಸಾಹುಕಾರನು 1808ರಲ್ಲಿ ಕಟ್ಟಿಸಿದ ಇದು ಆಕಾರದಲ್ಲಿ ದೊಡ್ಡದಲ್ಲ. ಆದರೆ ಹಡಗಿನ ಕಾಲದಲ್ಲಿ, ಮಲಯ ಮತ್ತು ಸುಮಾತ್ರಗಳ ಊರೂರಿನಿಂದ ಮಕ್ಕೆಗೆ ಹೊರಟ ಯಾತ್ರಿಕರು ಇಲ್ಲಿಗೆ ಬಂದು, ವಾರಗಟ್ಟಲೆ ತಂಗಿ, ಪ್ರಯಾಣದ ಸಾಮಗ್ರಿಗಳನ್ನು ಕೊಂಡು, ಬೀಳ್ಕೊಡುವ ಬಂಧುಗಳೊಡನೆ ಕಣ್ಣೀರು ಮಿಡಿದು ಹಡಗನ್ನೇರುತ್ತಿದ್ದರು. ಎರಡನೆಯ ಜೆದ್ದಾ ಎಂದೇ ಈ ಕೇರಿಗೆ ಹೆಸರಾಗಿತ್ತು. ಹತ್ತಿರದ ಆರ್ಮೇನಿಯನ್ ಬೀದಿಯಲ್ಲಿ, 2012ರಲ್ಲಿ ಲಿಥುವೇನಿಯದ ಚಿತ್ರಕಾರನೊಬ್ಬನು ಗೋಡೆಯ ಮೇಲೆ ಬರೆದ ಸೈಕಲ್ಲಿನ ಮಕ್ಕಳ ಚಿತ್ರದ ಮುಂದೆ ಫೋಟೋ ತೆಗೆಸಿಕೊಳ್ಳುವುದಕ್ಕೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಚಿತ್ರ ಚೆನ್ನಾಗಿಯೇ ಇದೆ. ಆದರೂ ಅದೇ ಬೀದಿಯ 120ನೆಯ ಮನೆಯಲ್ಲಿ 1910ರಲ್ಲಿ ಸನ್ ಯಾತ್ ಸೇನ್ ತನ್ನ ಸಂಗಡಿಗರೊಡನೆ ಕುಳಿತು ಚೀನದ ಕ್ರಾಂತಿಗೆ ಹಣ ಕೂಡಿಸುವ ಹಂಚಿಕೆ ಹಾಕಿದನೆಂಬುದನ್ನು ತಿಳಿದವರು, ಸಾಲಿನಲ್ಲಿ ನಿಲ್ಲುವ ಹೊತ್ತನ್ನು ಆ ಮನೆಗೆ ಕೊಟ್ಟಾರು.

ಈ ಮನೆಗಳ ರಚನೆಯನ್ನೂ ಒಂದಿಷ್ಟು ನೋಡಬೇಕು. ಮುಂದೆ ಅಂಗಡಿ, ಮೇಲೆ ವಾಸ. ಬೀದಿಯ ಕಡೆಗೆ ಅಗಲ ಕಿರಿದು, ಒಳಕ್ಕೆ ಉದ್ದ ಹಿರಿದು. ನಡುವೆ ಗಾಳಿ ಬೆಳಕುಗಳಿಗಾಗಿ ಮಳೆಯ ನೀರೂ ಬೀಳುವಂತೆ ಬಿಟ್ಟ ತೆರೆದ ಅಂಕಣ. ನಮ್ಮ ತೊಟ್ಟಿಯ ಮನೆಯನ್ನು ಎರಡು ಕಡೆಯಿಂದ ಒತ್ತಿ ನೀಳವಾಗಿಸಿದಂತೆ ಎಂದರೆ ಕಲ್ಪನೆಗೆ ಸಾಕು. ಪ್ರತಿಯೊಂದು ಮನೆಯ ಮುಂದೆಯೂ ಮಾಳಿಗೆಯ ಕೆಳಗೆ ಐದಡಿಯ ದಾರಿ. ಬಿಸಿಲಿಗೂ ಮಳೆಗೂ ಅಂಜದೆ ಬೀದಿಯುದ್ದಕ್ಕೂ ನಡೆಯಬಹುದೆಂಬುದು ಅದರ ಉದ್ದೇಶ, ಮನೆಯವರು ಕುರ್ಚಿ, ಕುಂಡ, ಮೋಟಾರು ಸೈಕಲುಗಳನ್ನು ಅಲ್ಲಿರಿಸದಿದ್ದ ಪಕ್ಷದಲ್ಲಿ. ಸಾವಿರಾರು ಹಳೆಯ ಮನೆಗಳು ಹೀಗೆ ಉಳಿದುಕೊಂಡುದಕ್ಕೆ ಪರಂಪರೆಯ ಪ್ರೇಮ ಕಾರಣವಲ್ಲ. 1948ಕ್ಕೆ ಮುಂಚೆ ಕಟ್ಟಿದ ಕಟ್ಟಡಗಳ ಬಾಡಿಗೆಯನ್ನು ಮಾಲೀಕರು ಮನಬಂದಂತೆ ಏರಿಸದಂತೆ ಬಾಡಿಗೆ ನಿಯಂತ್ರಣದ ಕಾನೂನು ತಡೆದಿತ್ತು. ಏರದ ಬಾಡಿಗೆಯ ಮನೆಯನ್ನು ಮಾಲೀಕನು ದುರಸ್ತಿಯೂ ಮಾಡಿಸಲಿಲ್ಲ, ಕೆಡವಿಯೂ ಕಟ್ಟಲಿಲ್ಲ. ಬಡಗಿ, ಅಕ್ಕಸಾಲಿಗ, ಊದುಬತ್ತಿ ಮಾಡುವವನು, ಫಲಕ ಕೆತ್ತುವವನು ತಲೆಮಾರುಗಳವರೆಗೆ ಅಲ್ಲಿಯೇ ಇದ್ದರು. 1966ರ ಆ ಕಾಯಿದೆಯನ್ನು 1997ರಲ್ಲಿ ರದ್ದುಮಾಡಿ, 1999ರ ಕೊನೆಯವರೆಗೆ ಗಡುವು ಕೊಟ್ಟರು. 2000ದಲ್ಲಿ ಬಾಡಿಗೆಗಳು ಹಲವು ಪಟ್ಟು ಏರಿ, ಬಡಬಾಡಿಗೆದಾರರು ಪಟ್ಟಣದ ಹೊರಗಿನ ಎತ್ತರದ ವಸತಿಗಳಿಗೆ ಹೊರಟುಹೋದರು. ಖಾಲಿಯಾದ ಕೆಲವು ಮನೆಗಳಲ್ಲಿ, ಚೀನೀಯರು ಸಾರು ಮಾಡಿ ಸವಿಯುವ ಗೂಡುಗಳಿಗಾಗಿ ಪುಟ್ಟ ಹಕ್ಕಿಗಳನ್ನು ಸಾಕಿದರು. 2008ರ ಜುಲೈಯಲ್ಲಿ ಯುನೆಸ್ಕೊ ಜಾರ್ಜ್‌ಟೌನನ್ನು ಮಲಕ್ಕದೊಡನೆ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಗೋಡೆಗಳಿಗೆ ರಕ್ಷಣೆ ದೊರೆಯಿತು. ಹಕ್ಕಿಗಳು ಹೋಗಿ ಸುಂದರವಾದ ಹೋಟೆಲುಗಳೂ ಕಾಫಿಯಂಗಡಿಗಳೂ ಬಂದುವು. ಗೋಡೆಯನ್ನು ಕಾಯುವ ಕಾನೂನು ಸುಲಭ, ಒಳಗಿನವನನ್ನು ಕಾಯುವುದು ಕಷ್ಟ. ಬಾಡಿಗೆಯನ್ನು ಲಾಭದ ಬಾಬತ್ತೆಂದು ಎಣಿಸದ ಕುಲಸಂಘಗಳೂ ದತ್ತಿಗಳೂ ಮನಸ್ಸು ಮಾಡಿದರೆ ಹಳೆಯ ಒಕ್ಕಲುಗಳು ಉಳಿಯಬಹುದು. ಮನೆಯ ಮಾಲೀಕನು ಯಾರೆಂದು ಇಲ್ಲಿ ಕೇಳಿ ತಿಳಿಯತಕ್ಕದ್ದು ಈ ಕಾರಣಕ್ಕಾಗಿ.

ನೆಲವೇ ಇಲ್ಲದವರು ನೀರಿನ ಮೇಲೆ ಕಟ್ಟಿಕೊಂಡರು. ವೆಲ್ಡ್ ಕೀ ದಂಡೆಯಲ್ಲಿ ಚ್ಯೂ, ಲಿಮ್, ತಾನ್, ಲೀ ಮೊದಲಾದ ಮನೆತನಗಳ ಹೆಸರಿನ ಮರದ ಕಟ್ಟೆಗಳು ಕಡಲಿನೊಳಕ್ಕೆ ಚಾಚಿಕೊಂಡಿವೆ. ಕಂಬಗಳ ಮೇಲೆ ಮನೆಗಳು, ನಡುವೆ ಹಲಗೆಯ ದಾರಿ. ದೋಣಿಯಲ್ಲಿ ಸರಕು ಸಾಗಿಸಿ ಬದುಕಿದ ಈ ಜನಕ್ಕೆ ಪಟ್ಟಾ ಎಂಬುದಿಲ್ಲ, ತಾತ್ಕಾಲಿಕ ವಾಸದ ಪರವಾನಗಿಯಷ್ಟೆ. ಎರಡು ಕಟ್ಟೆಗಳನ್ನು ಹೊಸ ವಸತಿಗಾಗಿ 2006ರಲ್ಲಿ ಕೆಡವಿದರು, ಉಳಿದವು ವಿಶ್ವಪರಂಪರೆಯ ಗೆರೆಯೊಳಗೆ ಬಿದ್ದು ಬದುಕಿಕೊಂಡುವು. ಇವು ಜನ ವಾಸಿಸುವ ಮನೆಗಳು. ಬಾಗಿಲು ತೆರೆದಿದೆಯೆಂದು ಇಣುಕುವುದು ನಮ್ಮ ಊರಿನಲ್ಲಿ ಹೇಗೋ ಅಲ್ಲಿಯೂ ಹಾಗೆಯೇ.

ಪಟ್ಟಣದ ಹೊರಗಿನವುಗಳನ್ನು ಬೇಗನೆ ಹೇಳಿಬಿಡುತ್ತೇನೆ. ಪುಲಾವ್ ತಿಕುಸ್ ಎಂಬಲ್ಲಿ 1803ರ ಬರ್ಮೀ ವಿಹಾರವೂ, ಮೂವತ್ತಮೂರು ಮೀಟರ್ ಉದ್ದದ ಶಯನಬುದ್ಧನುಳ್ಳ ಸಯಾಮೀ ವಿಹಾರವೂ ಒಂದು ಕಿರುರಸ್ತೆಯ ಆಚೆ ಈಚೆ ಎದುರುಬದುರಾಗಿವೆ. ಆಯೆರ್ ಇತಂನ ಕೆಕ್ ಲೊಕ್ ಸೀ ವಿಹಾರದಲ್ಲಿ 1930ರಲ್ಲಿ ಮುಗಿದ ಪಗೋಡಕ್ಕೆ ಬುಡ ಚೀನೀ, ನಡು ಸಯಾಮೀ, ಶಿಖರ ಬರ್ಮೀ. ವಾಸ್ತುವಿನ ಕಣ್ಣಿಗೆ ಅದು ಹೊಂದಿಕೆಯ ವಿಜಯವೆಂದು ನನಗೆ ತೋರದು, ಆದರೆ ದೂರದಿಂದ ಚೆನ್ನಾಗಿ ಕಾಣುತ್ತದೆ. 1923ರಿಂದ ಓಡುತ್ತಿರುವ ಹಗ್ಗದ ರೈಲು ಬೆಟ್ಟದ ನೆತ್ತಿಗೆ ಒಯ್ಯುತ್ತದೆ. ಮೋಡವಿಲ್ಲದ ಮುಂಜಾನೆ ಉತ್ತಮ.

ಊಟಕ್ಕೆ ನಾಸಿ ಕಂದರ್. ಬಂದರಿನ ಕೂಲಿಗಳಿಗಾಗಿ ತಮಿಳು ಮುಸಲ್ಮಾನರು ಅಡ್ಡೆಯ ಎರಡು ಕೊನೆಗಳಲ್ಲಿ ಅನ್ನವನ್ನೂ ಸಾರುಗಳನ್ನೂ ತೂಗಿಸಿಕೊಂಡು ಬಂದು ಮಾರುತ್ತಿದ್ದುದು ಈಗ ಅಂಗಡಿಗಳಲ್ಲಿ ನೆಲೆಗೊಂಡು, ಎಲ್ಲ ಜನಾಂಗದವರ ಊಟವಾಗಿದೆ. ಹಲವು ಬಗೆಯ ಸಾರುಗಳನ್ನು ಒಂದರ ಮೇಲೊಂದು ಸುರಿಯಿಸಿಕೊಳ್ಳುವುದು ಪದ್ಧತಿ. ಬೇರೆ ಬೇರೆ ಬಟ್ಟಲಲ್ಲಿ ಕೇಳುವವನನ್ನು ಬಡಿಸುವವನು ಹೊಸಬನೆಂದು ಗುರುತಿಸುತ್ತಾನೆ.

ಕಾಲವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಳ್ಳವರು ತೈಪೂಸಕ್ಕೆ ಹೋಗಬೇಕು. ಜನವರಿ ಕೊನೆಯಲ್ಲೋ ಫೆಬ್ರವರಿಯಲ್ಲೋ ಬರುವ ಈ ಮುರುಗನ ಹಬ್ಬದಲ್ಲಿ, ಲೇವಾದೇವಿಗೆ ಹೆಸರಾದ ನಾಟ್ಟುಕ್ಕೋಟ್ಟೈ ಚೆಟ್ಟಿಯಾರರ ಬೆಳ್ಳಿಯ ರಥವು ಪಿನಾಂಗ್ ಬೀದಿಯಲ್ಲಿರುವ ಕೋವಿಲ್ ವೀಡು ಎಂಬ ಅವರ ಗುಡಿಮನೆಯಿಂದ ಹೊರಟು, ಹಗಲಿಡೀ ಊರನ್ನು ಹಾದು, ಜಲಪಾತದ ರಸ್ತೆಯಲ್ಲಿರುವ ಅವರ ಗುಡಿಯನ್ನು ಸೇರುತ್ತದೆ. 2017ರಿಂದ ಹಿಂದೂ ದತ್ತಿಮಂಡಲಿಯದೆಂದು ಚಿನ್ನದ ರಥವೊಂದೂ ಹೊರಡುತ್ತಿರುವುದರಿಂದ ಯಾವುದು ಮುಂದೆ, ಯಾವುದು ಹಿಂದೆ ಎಂಬ ಚರ್ಚೆಯೂ ಹಬ್ಬದ ಅಂಗವಾಗಿದೆ; ತೇರಿದ್ದಲ್ಲಿ ಇದಿಲ್ಲದಿರುವುದುಂಟೆ! ದಾರಿಯುದ್ದಕ್ಕೂ ಚೀನೀ ವ್ಯಾಪಾರಿಗಳು ತಮ್ಮ ಅಂಗಡಿಗಳ ಮುಂದೆ ತೆಂಗಿನಕಾಯಿಗಳನ್ನು ಗುಡ್ಡೆಹಾಕಿಕೊಂಡು ಕಾದಿದ್ದು, ರಥ ಬರುವ ಮುನ್ನ ಮನೆಮಂದಿಯೆಲ್ಲ ಸೇರಿ ಅವನ್ನು ನೆಲಕ್ಕೆ ಬಡಿದು ಒಡೆಯುತ್ತಾರೆ. ಅವರ ಕುಲದೇವರು ಬೇರೆ, ಸಾಲ ಕೊಡುವ ಚೆಟ್ಟಿಯಾರರ ಅಗತ್ಯ ಬ್ಯಾಂಕುಗಳು ಬಂದ ಮೇಲೆ ಅವರಿಗೆ ಉಳಿದಿಲ್ಲ. ಹರಕೆ ಮಾತ್ರ ಉಳಿದಿದೆ, ವರ್ಷದಿಂದ ವರ್ಷಕ್ಕೆ ಕ್ಷಣಮಾತ್ರದಲ್ಲಿ ರಸ್ತೆ ಕಾಣದಂತೆ ಚಿಪ್ಪು ತುಂಬಿಹೋಗುತ್ತದೆ, ಮತ್ತು ಅದನ್ನು ಮಣ್ಣು ಬಾಚುವ ಯಂತ್ರಗಳಿಂದ ಬಾಚಿಸಿ ಬದಿಗೆ ಸರಿಸಿದ ಮೇಲೆಯೇ ರಥ ಮುಂದಕ್ಕೆ ಹೋಗಬೇಕು.